ಬಲತುದಿಯ ಏಳು ಸ್ವರಗಳು

ಗುರುವಾರ, ಮಧ್ಯಾಹ್ನ

ತಗಡಿನ ಸರದಾರರಿಗೆ,

ಕಿವಿರಾಣಿಯ ನಮಸ್ಕಾರ. ಆರು ವರ್ಷ ಒಂದೇ ಬೀದಿಯಲ್ಲಿದ್ದು ಮಾತು ಬಿಟ್ಟ ಹೆಂಡತಿಗೆ ಇದ್ದಕ್ಕಿದ್ದಂತೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಹುಬ್ಬೇರಿಸಬೇಡಿ. ಮೊದಲು ಒಳ್ಳೆಯ ಸುದ್ದಿ. ದೊಡ್ಡ ಸಭಾಂಗಣದ ಪಿಯಾನೋಗಳನ್ನು ಶ್ರುತಿ ಮಾಡುವ ಮುಖ್ಯ ಹುದ್ದೆ ಕೊನೆಗೂ ನನಗೇ ಸಿಕ್ಕಿತು. ಇಪ್ಪತ್ತಾರು ವರ್ಷ ಕಾದಿದ್ದೆ. ಕೋಣೆಯ ಬಾಗಿಲಿಗೆ ನನ್ನ ಹೆಸರಿನ ಹಿತ್ತಾಳೆ ಫಲಕ ಹಾಕಿದ್ದಾರೆ; ನೀವು ನೋಡಿದ್ದರೆ ಅಂಚು ಸರಿಯಾಗಿ ಉಜ್ಜಿಲ್ಲ ಎಂದು ತಪ್ಪು ಹುಡುಕುತ್ತಿದ್ದಿರಿ.

ಇನ್ನೊಂದು ಸುದ್ದಿ, ನನಗೆ ಹೆದರಿಕೆಯಾಗಿದೆ.

ಹೋದ ತಿಂಗಳು ಪಿಯಾನೋದ ಬಲತುದಿಯ ಕೊನೆಯ ಸ್ವರ ಒತ್ತಿದೆ. ಒಳಗಿನ ಪುಟ್ಟ ಸುತ್ತಿಗೆ ಎದ್ದು ತಂತಿಗೆ ಬಡಿದದ್ದು ಕಣ್ಣಿಗೆ ಕಂಡಿತು. ಸದ್ದು ಬರಲಿಲ್ಲ. ತಂತಿ ಸಡಿಲವಾಗಿರಬೇಕೆಂದು ಬಿಗಿ ಮಾಡಿದೆ, ಮತ್ತೆ ಮಾಡಿದೆ. ಅದು ಕಡಿದು ಕೆನ್ನೆಗೆ ಬಡಿಯಿತು. ಕಡಿದ ಸದ್ದೂ ಕೇಳಿಸಲಿಲ್ಲ. ಅವತ್ತು ಕೇಳಿಸದೆ ಹೋದದ್ದು ಒಂದು ಸ್ವರ, ಇವತ್ತಿಗೆ ಏಳು. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಎಣಿಸುತ್ತೇನೆ. ಎಂಟನೆಯದನ್ನು ಒತ್ತುವಾಗ ಜೀವ ಬಾಯಿಗೆ ಬರುತ್ತದೆ.

ಯಾರಿಗೂ ಹೇಳಿಲ್ಲ. ಆ ಏಳನ್ನು, ಸ್ವರ ಸರಿಯಿದೆಯೇ ಎಂದು ಮುಳ್ಳು ತೋರಿಸುವ ಯಂತ್ರ ಇಟ್ಟುಕೊಂಡು ಕದ್ದುಮುಚ್ಚಿ ಸರಿಮಾಡುತ್ತೇನೆ. ಆ ಯಂತ್ರ ಹಿಡಿದವರನ್ನು ಕಂಡರೆ ನಾನು ಹೇಗೆ ಮೂಗು ಮುರಿಯುತ್ತಿದ್ದೆ, ನಿಮಗೆ ಗೊತ್ತು. ಮೊನ್ನೆ ಹಿರಿಯ ವಾದಕರೊಬ್ಬರು ನುಡಿಸಿ ನೋಡಿ, ಮೇಲಿನ ಸ್ವರ ಯಾಕೋ ಚುಚ್ಚುತ್ತಲ್ಲಮ್ಮಾ ಅಂದರು. ಹವೆ ಒಣಗಿದೆ ಸಾರ್ ಅಂದೆ. ನಂಬಿಬಿಟ್ಟರು. ನಾಡಿದ್ದು ಶನಿವಾರ ಅವರದೇ ಕಾರ್ಯಕ್ರಮ, ಸಾವಿರ ಜನ ಸೇರುತ್ತಾರೆ.

ಈ ಕಿವಿಗಾಗಿ ಮನೆಯಲ್ಲಿ ಏನೇನು ನಡೆಯಿತೆಂದು ನಿಮಗೆ ಹೊಸದಾಗಿ ಹೇಳಬೇಕೆ? ರೇಡಿಯೋ ಹೋಯಿತು. ಕುಕ್ಕರ್ ಹೋಯಿತು. ಕುರ್ಚಿಯ ಕಾಲಿಗೆಲ್ಲ ಬಟ್ಟೆ ಕಟ್ಟಿದೆ. ನೀವು ತಗಡು ಬಡಿಯುವ ಶೆಡ್ಡು ಹಿತ್ತಲಿನಿಂದ ಬೀದಿಯ ಕೊನೆಗೆ ಹೋಯಿತು, ಆಮೇಲೆ ಅದರ ಹಿಂದೆ ನೀವೂ ಹೋದಿರಿ. ಹೊರಡುವಾಗ, ನಿನಗೆ ಎಲ್ಲಾ ಕೇಳ್ಸುತ್ತೆ ಕಣೇ, ನಾವು ಹೇಳೋದೊಂದು ಬಿಟ್ಟು, ಅಂದಿರಿ. ಬಾಗಿಲು ಮೆಲ್ಲಗೆ ಹಾಕಿಕೊಳ್ಳಿ ಅಂದೆ ನಾನು. ಈಗ ನೋಡಿ, ದಿನವಿಡೀ ತಗಡು ಬಡಿದವರ ಕಿವಿ ನೆಟ್ಟಗಿದೆ, ಹತ್ತಿ ಇಟ್ಟು ಕಾಪಾಡಿದ ನನ್ನದು ಕೈಕೊಟ್ಟಿತು. ನಗು ಬಂದರೆ ನಕ್ಕುಬಿಡಿ, ಬೇಜಾರಿಲ್ಲ.

ನಮ್ಮ ಪುಟ್ಟಿ ನಾಲ್ಕು ವರ್ಷದವಳಿದ್ದಾಗ ಬಿದ್ದು ಮೊಣಕಾಲು ಒಡೆದುಕೊಂಡು, ಬಾಯಿಗೆ ಫ್ರಾಕಿನ ಅಂಚು ತುರುಕಿಕೊಂಡು ಅತ್ತಿದ್ದಳು. ಅಮ್ಮನ ಕಿವಿಗೆ ನೋವಾಗುತ್ತೆ ಅಂತ. ಎಂಥ ಜಾಣೆ ಎಂದು ಮುತ್ತಿಟ್ಟೆ. ಈಗ ಪರವೂರಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂತವಳಿಗೆ ಜನ, ಜೋರಾಗಿ ಹೇಳಮ್ಮಾ ಎಂದು ಗಾಜು ಬಡಿಯುತ್ತಾರಂತೆ. ಆ ಪಿಸುಮಾತು ನಾನು ಕಲಿಸಿದ್ದು.

ಇಷ್ಟೆಲ್ಲ ಬೇಕಿತ್ತಾ ಎಂದು ಕೇಳಿದರೆ ಸುಳ್ಳು ಹೇಳಲಾರೆ. ಒಂದು ತಂತಿ ಇನ್ನೊಂದರ ಜೊತೆ ಸರಿಯಾಗಿ ಕೂಡಿಕೊಂಡಾಗಿನ ಸುಖ ನನಗೆ ಬೇರೆಲ್ಲೂ ಸಿಗಲಿಲ್ಲ, ನಿಮ್ಮಲ್ಲೂ. ಅದಕ್ಕೇ ಇಷ್ಟು ಭಯ. ಅದೂ ಹೋದರೆ ನನಗೆ ಉಳಿಯುವುದು ಸದ್ದಿಲ್ಲದ ಈ ಮನೆ ಮಾತ್ರ.

ಸಭಾಂಗಣದ ವ್ಯವಸ್ಥಾಪಕರಿಗೆ ಹೇಳಿಬಿಡೋಣ ಎಂದು ದಿನಾ ಹೊರಡುತ್ತೇನೆ, ನನ್ನ ಫಲಕ ಒರೆಸಿ ಒಳಗೆ ಬರುತ್ತೇನೆ. ನಾಳೆ ನೀವು ಜೊತೆಗೆ ಬಂದು ಸುಮ್ಮನೆ ಪಕ್ಕದಲ್ಲಿ ಕೂರುತ್ತೀರಾ? ಹೇಳುವುದನ್ನು ನಾನೇ ಹೇಳುತ್ತೇನೆ. ಎದುರಿಗೆ ನಿಂತು ಕೇಳಲು ಧೈರ್ಯವಿಲ್ಲದೆ ಇದನ್ನು ಶೆಡ್ಡಿನ ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ.

ಇಂತಿ,
ನಿಮ್ಮ ಕಿವಿರಾಣಿ

ಮರೆತಿಲ್ಲ, ಬರೆಯಲು ಹೆದರಿ ಕೊನೆಗೆ ಉಳಿಸಿದ್ದು: ಇವತ್ತು ಬೆಳಿಗ್ಗೆ ಪುಟ್ಟಿ ಫೋನ್ ಮಾಡಿದ್ದಳು. ತುಂಬ ಹೊತ್ತು ಅದೇ ಪಿಸುದನಿಯಲ್ಲಿ ಏನೋ ಹೇಳಿದಳು. ನಡುವೆ ಅತ್ತಳೋ ಏನೋ. ಒಂದು ಮಾತೂ ನನಗೆ ಕೇಳಿಸಲಿಲ್ಲ. ಜೋರಾಗಿ ಹೇಳು ಅನ್ನಲು ನಾಲಿಗೆ ಏಳಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ನಾನು ಹೇಳದ ಮಾತು ಅದು. ಹ್ಞೂಂ, ಹಾಗೇ ಮಾಡು ಅಂದೆ. ಫೋನ್ ಇಟ್ಟಳು. ವ್ಯವಸ್ಥಾಪಕರು ಕಾಯಲಿ. ನಿಮ್ಮ ಸುತ್ತಿಗೆಯ ಸದ್ದಿನಲ್ಲಿ ಅವಳು ನಿಮ್ಮ ಹತ್ತಿರ ಕೂಗಿ ಮಾತಾಡುತ್ತಿದ್ದಳಲ್ಲ, ಈಗಲೇ ಅವಳಿಗೆ ಫೋನ್ ಮಾಡಿ. ನಾನು ಯಾವುದಕ್ಕೆ ಒಪ್ಪಿಗೆ ಕೊಟ್ಟೆನೋ, ಕೇಳಿ ಬರೆದು ಕಳಿಸಿ.