ಮಖಮಲ್ ಕೋಟಿನ ಕಪ್ಪು ತೋಳು

ನನ್ನ ಹಟಮಾರಿ ತಂಗಿಗೆ,

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಎದ್ದು ಹೋಗಿ ಡಬ್ಬಿ ನೋಡಿದೆ, ನುಂಗಿದ್ದೆ. ಬಿ.ಪಿ.ಯದ್ದೂ ಆಗಿದೆ. ಮಂಡಿಗೆ ಎಣ್ಣೆ ತಿಕ್ಕಿದ್ದಾಯಿತು. ಆಮೇಲೆ ಉಳಿದದ್ದು ನಿನ್ನ ಮೇಲಿನ ಸಿಟ್ಟು ಒಂದೇ.

ಆಸ್ಪತ್ರೆಯಿಂದ ಬಂದವಳು ಮಗನ ಮನೆಯ ಮಹಡಿಯಲ್ಲಿ ಮಲಗೇ ಬಿಟ್ಟಿದ್ದೀಯಂತೆ. "ಹಾರ್ಟು ಸೋತಿದೆ, ಕಣ್ಣು ಮಂಜಾಗಿದೆ. ಇನ್ನು ಹೊಲಿಗೆ ಅಂಗಡಿಗೆ ಹೋಗಿ ಅಕ್ಕಂಗೆ ಹೊರೆ ಆಗ್ಲಾ?" ಅಂದೆಯಂತೆ. ನಿನ್ನ ಸೊಸೆ ಫೋನಿನಲ್ಲಿ ಹೇಳುವಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಹೊರೆಯಂತೆ, ಹೊರೆ! ನನ್ನ ಬೆರಳು ಮರಗಟ್ಟಿದ ಮೇಲೆ ಇಬ್ಬರೂ ಸೇರಿಯೇ ಹೊಲಿಗೆ ನಡೆಸಿದ್ದಲ್ಲವೇ? ಗೆರೆ ಎಳೆಯುವುದಕ್ಕೆ ನನ್ನ ಕಣ್ಣು, ಬಟ್ಟೆಯ ಮರ್ಜಿ ತಿಳಿಯುವುದಕ್ಕೆ ನಿನ್ನ ಅಂಗೈ. ಮೊನ್ನೆ ಹಾಡುಗಾರ್ತಿಯ ಕರಿ ಮಖಮಲ್ ಕೋಟಿಗೆ ನಾನೊಬ್ಬಳೇ ಕತ್ತರಿ ಹಾಕಿದೆ. ಬಟ್ಟೆಯ ಮೇಲಿನ ಆ ಸಣ್ಣ ಕೂದಲು, ನವಿರು, ಯಾವ ಕಡೆಗೆ ಮಲಗಿದೆ ಎಂದು ಸವರಿ ನೋಡಬೇಕಲ್ಲ, ಸವರಿದೆ. ಏನೂ ತಿಳಿಯಲಿಲ್ಲ. ಮೇಜಿನ ಮೇಲೆ ಕಣ್ಣಿಗೂ ಎಲ್ಲ ಒಂದೇ ಕಪ್ಪು. ಆದರೂ ಎಲ್ಲ ತಿಳಿದವಳ ಹಾಗೆ ಕತ್ತರಿಸಿದೆ. ಅವಳು ಹಾಕಿಕೊಂಡು ಕನ್ನಡಿಯೆದುರು ನಿಂತಾಗ ನೋಡುತ್ತೇನೆ, ಒಂದು ತೋಳಿನ ನವಿರು ಕೆಳಕ್ಕೆ, ಇನ್ನೊಂದರದು ಮೇಲಕ್ಕೆ. ಬೆಳಕಿಗೆ ಒಂದು ಬೂದು, ಒಂದು ಕಾಡಿಗೆ ಕಪ್ಪು. "ಏನಮ್ಮಾ, ಒಂದು ತೋಳಿಗೆ ಬೆಳಗಾಗಿದೆ, ಇನ್ನೊಂದಕ್ಕೆ ಆಗೇ ಇಲ್ವಲ್ಲ!" ಎಂದು ನಕ್ಕಳು ಪುಣ್ಯಾತ್ಗಿತ್ತಿ. ನಾನೂ ನಕ್ಕೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಅಂಗಡಿ ಮುಚ್ಚಿಬಿಡೋಣ ಅಂತಲೂ ಅನ್ನಿಸಿತು ಕಣೇ. ಆದರೆ ನನಗೆ ಮಲಗಲು ಭಯ. ಮಲಗಿಬಿಟ್ಟರೆ ಮೈಯೆಲ್ಲ ಈ ಕಾಯಿಲೆಗಳ ಸ್ವಂತ ಮನೆ, ನಾನು ಬಾಡಿಗೆಯವಳು. ಹೊಲಿಯುವಾಗ ಮಾತ್ರ ಅವು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿರುತ್ತವೆ. ನಿನಗೂ ಹಾಗೇ ಆಗುತ್ತಿತ್ತು, ಇಲ್ಲವೆನ್ನಬೇಡ.

ಹೊಸ ತೋಳಿಗೆ ಬಟ್ಟೆ ತಂದಿದ್ದೇನೆ. ನನ್ನ ಮಂಡಿಗೆ ನಿಮ್ಮ ಮೆಟ್ಟಿಲು ಆಗದು ಎಂಬ ಧೈರ್ಯ ನಿನಗೆ. ಕೆಳಗೆ ನನ್ನ ಕೈಯಿಂದ ಇದನ್ನು ಇಸಿದುಕೊಂಡು ಸೊಸೆ ನಿನಗೆ ಓದಿ ಹೇಳುವ ಹೊತ್ತಿಗೆ ನಾನು ಮೆಟ್ಟಿಲ ಮೇಲೆಯೇ ಇರುತ್ತೇನೆ, ಕೂತು, ಬೆನ್ನ ಹಿಂದಿನ ಮೆಟ್ಟಿಲಿಗೆ ಸರಿದು, ಮತ್ತೆ ಕೂತು. ಮೊಮ್ಮಕ್ಕಳು ನಕ್ಕರೆ ನಗಲಿ. ಮಖಮಲ್ಲನ್ನು ನಿನ್ನ ಹಾಸಿಗೆಯ ಮೇಲೆ ಹರಡುತ್ತೇನೆ. ನೀನು ಏಳಬೇಡ, ಕಣ್ಣೂ ತೆರೆಯಬೇಡ. ಹೊದಿಕೆಯಿಂದ ಒಂದು ಕೈ ಈಚೆಗೆ ಚಾಚಿ, ನವಿರು ಯಾವ ಕಡೆಗೆ ಅಂತ ಹೇಳು.

ಉಸಿರು ಹಗುರವಾಗಲಿ, ನನ್ನನ್ನು ಗದರಿಸುವಷ್ಟು ಕಸುವು ನಿನಗೆ ಬರಲಿ.

ಮೇಲೆ ಬರುತ್ತಿರುವ,
ನಿನ್ನ ಅಕ್ಕ