ಗೋಡೆಗೆ ತಿರುಗಿಸಿಟ್ಟ ಕಾರ್ಡು

ಅಪ್ಪಾ,

ಆಸ್ಪತ್ರೆ ಡ್ಯೂಟಿಗೆ ಹೊರಟೆ. ನೀನಿನ್ನೂ ಗೊರಕೆ ಹೊಡೆಯುತ್ತಿದ್ದೀಯ, ಎಬ್ಬಿಸಲು ಮನಸ್ಸು ಬರಲಿಲ್ಲ. ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು.

ವಾರ್ಡಿನ ಮಕ್ಕಳಿಗೆ ಮಾಡಿದ ಕಾರ್ಡುಗಳಿಗೆ ಗ್ಲಿಟರ್ ಬೇಡ ಅಂತ ಅಷ್ಟು ಬಡಿದುಕೊಂಡರೂ ಹಾಕಿದ್ದೀಯ. ಅದು ಮಕ್ಕಳ ಹಾಸಿಗೆ ತುಂಬಾ ಉದುರುತ್ತದೆ, ಬೈಸಿಕೊಳ್ಳುವವಳು ನಾನು. ಆ ಕಾರ್ಡುಗಳನ್ನು ಒಯ್ಯುವುದಿಲ್ಲ.

ಇನ್ನೊಂದು ವಿಷಯ. ನೀನು ಅಂಗಡಿಗಳಿಗೆ ಬೋರ್ಡು ಬರೆಯುವ ಹಾಗೆ ದಪ್ಪಕ್ಷರದಲ್ಲಿ ‘ಬೇಗ ಹುಷಾರಾಗು’ ಅಂತ ಬರೆದುಕೊಟ್ಟಿದ್ದೆಯಲ್ಲ, ಕಿಟಕಿ ಪಕ್ಕದ ಹಾಸಿಗೆಯ ಹುಡುಗಿ ಅದನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದಳು. ಯಾಕೆ ಪುಟ್ಟಿ ಅಂತ ಕೇಳಿದೆ.

“ಸಿಸ್ಟರ್, ನಂಗೆ ಬೇಗ ಹುಷಾರಾಗೋಕೆ ಆಗ್ತಿಲ್ಲ. ಇದನ್ನ ಬರೆದೋರು ಬೈತಾರಾ?” ಅಂದಳು.

ಇವತ್ತು ಅವಳಿಗೆ ಬೇರೆ ಕಾರ್ಡು ಮಾಡು. ಅದೇ ದಪ್ಪಕ್ಷರ ಇರಲಿ, ಅಕ್ಷರಕ್ಕೆ ನೆರಳೂ ಕೊಡು. ಕೆಳಗೆ ನಿನ್ನ ಸೊಟ್ಟ ಬಾಲದ ಆನೆ ಬೇಕೇ ಬೇಕು. ‘ನಿಧಾನಕ್ಕೆ ಆಗಲಿ ಪುಟ್ಟಿ, ಏನೂ ಅವಸರ ಇಲ್ಲ’ ಅಂತ ಬರೆ.

ಮುರಿದ ನಿನ್ನ ಕಾಲಿಗೂ ಅದೇ ಮಾತು. ಬೋರ್ಡು ಬರೆಯಲು ಹೋಗೋಣ ಅಂತ ಏಣಿ ಹುಡುಕಬೇಡ, ಪಕ್ಕದ ಮನೆಯವರಿಗೆ ಕೊಟ್ಟಾಗಿದೆ.