ತಿದ್ದುಪಡಿಯ ಜಾಗ

ಮಂಗಳವಾರ, ಜೂನ್ ೧೧.

ಬದುಕಿರುವ ಕವಿ ಮೇಷ್ಟ್ರನ್ನು ಇವತ್ತು ನಾನೇ ಸಾಯಿಸಿಬಿಟ್ಟೆ. ಪೇಪರಿನಲ್ಲಿದ್ದ ಇಪ್ಪತ್ತಾರು ವರ್ಷವೂ ಮನೆಯವರಿಗೆ ಫೋನ್ ಮಾಡಿ ಕೇಳದೆ ಒಂದೇ ಒಂದು ಸಾವಿನ ಸುದ್ದಿ ಬರೆದವನಲ್ಲ. ಪೇಪರ್ ನಿಂತು ವೆಬ್‌ಸೈಟ್ ಆದಮೇಲೆ ಬುದ್ಧಿ ಎಲ್ಲಿ ಮೇಯೋಕೆ ಹೋಯಿತೋ. 'ಮೇಷ್ಟ್ರು ಹೋದ್ರು ಅಂತ ಬೇರೆ ಸೈಟ್‌ನವರೆಲ್ಲ ಹಾಕಿಬಿಟ್ರು, ಇನ್ನೂ ಏನ್ ಸಾರ್ ನೋಡ್ತಾ ಕೂತಿದೀರಾ?' ಅಂದಳು ಸಂಪಾದಕಿ. ಕೇಳದೆ ಹಾಕಿದೆ.

ಹತ್ತೇ ನಿಮಿಷಕ್ಕೆ ಮೇಷ್ಟ್ರ ಮಗಳ ಫೋನು: 'ಅಪ್ಪ ಊಟ ಮಾಡ್ತಿದಾರೆ ಸಾರ್.' ಪೇಪರಿದ್ದಾಗ ಎರಡನೇ ಪುಟದಲ್ಲಿ ಹಾಕುತ್ತಿದ್ದ ಹಾಗೆ ತಿದ್ದುಪಡಿ ಹಾಕೋಣ ಅಂದರೆ ಸಂಪಾದಕಿ, 'ಯಾಕ್ ಸಾರ್? ಅಳಿಸಿದ್ರೆ ಆಯ್ತು' ಅಂದಳು. ಅಳಿಸಿದೆ.

ಸಂಜೆ ಮಗಳು ಮತ್ತೆ ಫೋನ್ ಮಾಡಿ, 'ತಪ್ಪಾಯ್ತು ಅಂತ ನಾಳೆ ಯಾವ ಪುಟದಲ್ಲಿ ಬರುತ್ತೆ, ಕತ್ತರಿಸಿ ಇಟ್ಕೋತೀನಿ ಅಂತಿದಾರೆ ಅಪ್ಪ' ಅಂದರು.

ಹಳೇ ರೂಢಿ. 'ಎರಡನೇ ಪುಟ' ಅಂದುಬಿಟ್ಟೆ.